ಸಾರ್, ಸಾರು?

ಕ್ಯಾಂಟೀನ್ ಕೌಂಟರ್ ಮುಂದೆ ನಿಂತು ಮೂರು ಸಲ "ಅಣ್ಣಾ, ಒಂದು ಟೀ" ಅಂದರೂ ಅಣ್ಣನಿಗೆ ಕೇಳಿಸದೆ, ನಾಲ್ಕನೇ ಸಲ ಕೂಗೋದಕ್ಕಿಂತ ಟೀ ಕುಡಿಯದೇ ಇರೋದು ವಾಸಿ ಅಂತ ಕ್ಲಾಸಿಗೆ ವಾಪಸ್ ಹೋಗುವ ಜನ ನಮ್ಮ ಕ್ಯಾಂಪಸ್ಸಿನಲ್ಲಿ ಇದ್ದಾರೆ. ತಮ್ಮ ಸ್ಟಾಪ್ ಬಂದರೂ "ಇಳೀಬೇಕು" ಅಂತ ಕಂಡಕ್ಟರ್‌ಗೆ ಹೇಳಲಾಗದೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಬರುವವರಿದ್ದಾರೆ. ವೈವಾದಲ್ಲಿ ಉತ್ತರ ಗೊತ್ತಿದ್ದೂ ಸುಮ್ಮನೆ ನಿಲ್ಲುವವರಂತೂ ಪ್ರತಿ ಬ್ಯಾಚಿಗೆ ನಾಲ್ಕೈದು ಮಂದಿ. ಈ ಬರಹ ಅವರಿಗೋಸ್ಕರ. ಬರೆಯುತ್ತಿರುವ ನಾವೂ ಅವರೇ.

ನಾವು ಅಂದ್ರೆ ಇಬ್ಬರು. ಹಾಸ್ಟೆಲ್‌ನಲ್ಲಿ ಒಂದೇ ರೂಮು, ಒಂದೇ ಬ್ರಾಂಚು, ಒಂದೇ ಕಾಯಿಲೆ. ಒಬ್ಬ ಸಾಗರದ ಕಡೆಯವನು, ಒಬ್ಬ ತುಮಕೂರಿನವನು. ಈ ಲೇಖನದಲ್ಲಿ ಎಲ್ಲಿ "ನಮ್ಮಲ್ಲೊಬ್ಬ" ಅಂತ ಬರುತ್ತದೋ ಅಲ್ಲಿ ಅದು ಯಾರು ಅಂತ ಕೇಳಬೇಡಿ. ಹೇಳೋದಿಲ್ಲ ಅಂತ ನಾವು ನಾವೇ ಮಾತಾಡಿಕೊಂಡಿದ್ದೇವೆ.

ನಾಚಿಕೆ ಎಲ್ಲಿಂದ ಬಂತು ಅಂತ ನಮಗೆ ಪೂರ್ತಿ ಗೊತ್ತಿಲ್ಲ. ಅದರಲ್ಲಿ ಒಂದು ಪಾಲು ಮಾತ್ರ ಭಾಷೆಯದ್ದು. ಇಬ್ಬರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ನಮ್ಮಲ್ಲೊಬ್ಬನ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಐದು ರೂಪಾಯಿ ಫೈನ್. ಐದು ರೂಪಾಯಿ ಉಳಿಸಬೇಕು ಅಂದ್ರೆ ಇಂಗ್ಲಿಷ್ ಮಾತಾಡಬೇಕು. ಅದು ಬರಲಿಲ್ಲ ಅಂದ್ರೆ ಬಾಯಿ ಮುಚ್ಚಿಕೊಂಡಿರಬೇಕು. ಎರಡನೆಯದು ಸುಲಭ, ಖರ್ಚೂ ಇಲ್ಲ. ಹಾಗಾಗಿ ಇಂಗ್ಲಿಷ್‌ನಲ್ಲಿ ಬರೆಯಲು ಕಲಿತೆವು, ಮನೆಯಲ್ಲಿ ಅಮ್ಮನ ಹತ್ತಿರ ಕನ್ನಡ ಮಾತಾಡಿದೆವು, ಆದರೆ ಗುರುತಿಲ್ಲದ ದೊಡ್ಡವರ ಎದುರು ನಿಂತು ಮಾತಾಡೋದನ್ನ ಯಾವ ಭಾಷೆಯಲ್ಲೂ ಕಲಿಯಲಿಲ್ಲ. ಫಸ್ಟ್ ಇಯರ್‌ನಲ್ಲಿ ನಮಗೆ ಸಿಕ್ಕಿದ್ದು 'ಸಾಂಸ್ಕೃತಿಕ ಕನ್ನಡ', ಯಾಕಂದ್ರೆ ನಾವು ಕನ್ನಡದವರು. ಹೊರರಾಜ್ಯದ ಫ್ರೆಂಡ್ಸಿಗೆ 'ಬಳಕೆ ಕನ್ನಡ'. ಅಂಗಡಿಯಲ್ಲಿ ಏನು ಕೇಳಬೇಕು, ಆಟೋದಲ್ಲಿ ಏನು ಹೇಳಬೇಕು ಅಂತ ಅವರ ಪುಸ್ತಕದಲ್ಲಿತ್ತು. ನಿಜ ಹೇಳಬೇಕೆಂದರೆ ಅದು ಬೇಕಾಗಿದ್ದದ್ದು ನಮಗೆ.

ಇಂಥವರಿಗೆ ಪಾರ್ಟ್‌ಟೈಮ್ ಕೆಲಸದ ಯೋಚನೆ ಯಾಕೆ ಬಂತು? ಲ್ಯಾಪ್‌ಟಾಪ್. ಥರ್ಡ್ ಸೆಮ್ ಶುರುವಾದ ವಾರವೇ ನಮ್ಮಿಬ್ಬರ ನಡುವೆ ಇದ್ದ ಒಂದೇ ಒಂದು ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. ರಿಪೇರಿಯವನು ನೋಡಿ 6,800 ರೂಪಾಯಿ ಅಂದ. ಮನೆಯಲ್ಲಿ ಕೇಳಿದ್ದರೆ ಕೊಡುತ್ತಿದ್ದರು. ಆದರೆ ಒಂದು ಮನೆಯಲ್ಲಿ ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಹತ್ತಿ ಔಷಧಿ ಹೊಡೆಸೋದೇ ದೊಡ್ಡ ಖರ್ಚಾಗಿತ್ತು. ಇನ್ನೊಂದು ಮನೆಯಲ್ಲಿ ಟೈಲರ್ ಅಂಗಡಿ, ಹಬ್ಬಕ್ಕೂ ಜನ ರೆಡಿಮೇಡ್ ತಗೊಳ್ಳುವ ಕಾಲ. ಪ್ರತಿ ಭಾನುವಾರ ಫೋನಿನಲ್ಲಿ "ದುಡ್ಡು ಇದೆಯೇನೋ?" ಅಂತ ಕೇಳುತ್ತಿದ್ದರು. "ಹ್ಞೂಂ, ಇದೆ" ಅನ್ನುತ್ತಿದ್ದೆವು. ನಾಚಿಕೆ ಅನ್ನೋದು ಹೊರಗಿನವರ ಹತ್ತಿರ ಮಾತ್ರ ಇರುವ ವಸ್ತು ಅಲ್ಲ ನೋಡಿ.

ಮೊದಲು ಹುಡುಕಿದ್ದು ಮಾತಾಡದೇ ಮಾಡಬಹುದಾದ ಕೆಲಸ. ಅಂಥ ಕೆಲಸ ಟೆಲಿಗ್ರಾಂ ತುಂಬ ಇದೆ. ಹೋಟೆಲ್‌ಗೆ ಫೈವ್ ಸ್ಟಾರ್ ರೇಟಿಂಗ್ ಕೊಡಿ, ವಿಡಿಯೋಗೆ ಲೈಕ್ ಒತ್ತಿ, ಒಂದೊಂದಕ್ಕೆ ಇಷ್ಟು ರೂಪಾಯಿ, ಮನೆಯಲ್ಲೇ ಕೂತು ದುಡಿಯಿರಿ. ಯಾರ ಮುಖವನ್ನೂ ನೋಡಬೇಕಿಲ್ಲ. ನಮ್ಮಂಥವರಿಗೇ ಹೇಳಿ ಮಾಡಿಸಿದ ಬಲೆ ಅದು. ಮೊದಲು ನೂರೋ ಇನ್ನೂರೋ ನಿಜವಾಗಿ ಅಕೌಂಟಿಗೆ ಹಾಕುತ್ತಾರೆ, ನಂಬಿಕೆ ಬಂದ ಮೇಲೆ "ದೊಡ್ಡ ಟಾಸ್ಕ್ ಬೇಕಾದರೆ ಡೆಪಾಸಿಟ್ ಕಟ್ಟಿ" ಅನ್ನುತ್ತಾರೆ, ಕಟ್ಟಿದ್ದು ಹೋಯಿತು. ಹಾಸ್ಟೆಲ್‌ನಲ್ಲಿ ಈ ಕಥೆ ಮೊದಲೇ ಕೇಳಿದ್ದರಿಂದ ಮೆಸೇಜ್ ಬಂದ ಕೂಡಲೇ ಬ್ಲಾಕ್ ಮಾಡಿದೆವು. ಕೆಲಸ ಕೊಡುವವನು ನಮಗೆ ದುಡ್ಡು ಕೊಡಬೇಕೇ ಹೊರತು ನಾವು ಅವನಿಗೆ ಕೊಡೋದಲ್ಲ. ಇಷ್ಟು ನೆನಪಿದ್ದರೆ ಸಾಕು. ಯಾರಾದರೂ ಆಗಲೇ ಸಿಕ್ಕಿಬಿದ್ದಿದ್ದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಯ ಸಹಾಯವಾಣಿ ಅದು. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಫುಡ್ ಡೆಲಿವರಿ ಮಾಡೋಣ ಅಂದ್ರೆ ಬೈಕಿಲ್ಲ. ಮನೆಪಾಠ ಹೇಳೋಣ ಅಂತ "8, 9, 10ನೇ ತರಗತಿ ಗಣಿತ, ವಿಜ್ಞಾನ" ಅಂತ ಪೋಸ್ಟರ್ ಬರೆದು ಕೆಳಗೆ ಫೋನ್ ನಂಬರ್ ಹಾಕುವಾಗ, ನಂಬರ್ ಹಾಕಿದರೆ ಜನ ಫೋನ್ ಮಾಡುತ್ತಾರೆ ಅಂತ ಹೊಳೆಯಿತು. ಪೋಸ್ಟರ್ ಇವತ್ತಿಗೂ ರೂಮಿನಲ್ಲೇ ಇದೆ. ಗೇಟ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ "ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ" ಅಂತ ಬೋರ್ಡ್ ಇತ್ತು. ಅದರ ಮುಂದೆ ಹನ್ನೊಂದು ದಿನ ಓಡಾಡಿದೆವು. ಹನ್ನೆರಡನೇ ದಿನ ಬೋರ್ಡ್ ಇರಲಿಲ್ಲ.

ಕೊನೆಗೆ ಕೆಲಸವೇ ನಮ್ಮನ್ನ ಹುಡುಕಿಕೊಂಡು ಬಂತು. ಒಂದು ರಾತ್ರಿ ಮೆಸ್‌ನಲ್ಲಿ ಫೈನಲ್ ಇಯರ್ ಅಣ್ಣ ಒಬ್ಬರು ತಟ್ಟೆ ಹಿಡಿದುಕೊಂಡು ನಮ್ಮ ಎದುರು ಕೂತು, "ಭಾನುವಾರ ಕೇಟರಿಂಗ್‌ಗೆ ಇಬ್ಬರು ಕಮ್ಮಿ ಇದಾರೆ ಕಣ್ರೋ. ಮಧ್ಯಾಹ್ನದ ಊಟಕ್ಕೆ ಬಡಿಸ್ಬೇಕು. ಶಿಫ್ಟಿಗೆ ಐನೂರು, ಊಟ ಫ್ರೀ. ಬರ್ತೀರಾ?" ಅಂದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ಆಡಿಸಿದೆವು. ಇಂಟರ್‌ವ್ಯೂ ಮುಗೀತು. ಬಿಳಿ ಶರ್ಟು, ಕಪ್ಪು ಪ್ಯಾಂಟು, ಬೆಳಿಗ್ಗೆ ಹತ್ತಕ್ಕೆ ಛತ್ರ.

ಅಲ್ಲಿ ಹೋದ ಮೇಲೆ ಗೊತ್ತಾಯಿತು, ಬಡಿಸೋದು ಅಂದ್ರೆ ನಾಚಿಕೆಯವರಿಗೆ ಎಂಥ ಶಿಕ್ಷೆ ಅಂತ. ಒಂದು ಪಂಕ್ತಿಗೆ ಇನ್ನೂರು ಜನ. ಪ್ರತಿಯೊಬ್ಬರ ಮುಂದೆಯೂ ನಿಲ್ಲಬೇಕು, ಪ್ರತಿಯೊಬ್ಬರನ್ನೂ ಕೇಳಬೇಕು, ಅದೂ ನಾದಸ್ವರ, ಡೋಲು, ಮಕ್ಕಳ ಕಿರುಚಾಟದ ನಡುವೆ. ಆದರೆ ನಮ್ಮ ಸೂಪರ್‌ವೈಸರ್ ಅಣ್ಣ ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದವರು. ನಮ್ಮ ಮುಖ ನೋಡಿದ ತಕ್ಷಣ, "ನೀವಿಬ್ರೂ ಉಪ್ಪು, ಉಪ್ಪಿನಕಾಯಿ ತಗೊಳ್ಳಿ" ಅಂದರು.

ಆಗ ಅರ್ಥವಾಗಲಿಲ್ಲ, ಆಮೇಲೆ ಆಯಿತು. ಬಾಳೆಎಲೆ ಊಟದ ಕ್ರಮ ಇದೆಯಲ್ಲ, ಅದು ನಮ್ಮಂಥವರಿಗೆ ಯಾರೋ ಬರೆದುಕೊಟ್ಟ ಸಿಲಬಸ್ ಥರ ಇದೆ. ಉಪ್ಪು, ಉಪ್ಪಿನಕಾಯಿ ಹಾಕುವಾಗ ಇನ್ನೂ ಅರ್ಧ ಜನ ಬಂದು ಕೂತೇ ಇರಲ್ಲ. ಯಾರನ್ನೂ ಏನೂ ಕೇಳಬೇಕಿಲ್ಲ. ಎಲೆಯ ತುದಿ ಊಟ ಮಾಡುವವರ ಎಡಕ್ಕೆ ಬಂದಿದೆಯಾ ನೋಡಿಕೊಂಡು ಬಡಿಸುತ್ತಾ ಹೋಗೋದು. ಆಮೇಲೆ ಕೋಸಂಬರಿ, ಪಲ್ಯ, ಗೊಜ್ಜು. ಇವೂ ಮೌನದ ಪದಾರ್ಥಗಳೇ, ಎಲ್ಲರಿಗೂ ಒಂದೊಂದು ಸೌಟು. ಅನ್ನ ಬಂದಾಗ ಎದುರಿನವರ ಕೈ ನೋಡೋದು ಕಲಿಯಬೇಕು. ಅಂಗೈ ಎಲೆ ಮೇಲೆ ಅಡ್ಡ ಬಂದರೆ ಸಾಕು ಅಂತ. ತೊವ್ವೆ ಮೇಲೆ ತುಪ್ಪ ಬಿದ್ದ ಮೇಲೆ ಜನ ಊಟ ಶುರು ಮಾಡುತ್ತಾರೆ, ಅಲ್ಲಿಂದ ಮುಂದೆ ಯಾರೂ ನಮ್ಮ ಮುಖ ನೋಡಲ್ಲ. ಆಮೇಲೆ ಬರೋದು ಸಾರು. ಅಲ್ಲಿ ಮಾತ್ರ ಬಾಯಿ ಬಿಡಲೇಬೇಕು. ಯಾಕಂದ್ರೆ ಸಾರು ಬಿಸಿ, ತೆಳು, ಕೇಳದೇ ಹಾಕಿದರೆ ಎಲೆ ಅಂಚಿನಿಂದ ಹರಿದು ರೇಷ್ಮೆ ಸೀರೆಗೆ ಹೋಗುತ್ತದೆ.

ಎರಡನೇ ಭಾನುವಾರ ಸಾರಿನ ಬಕೆಟ್ ನಮ್ಮ ಕೈಗೆ ಬಂತು. ನಮ್ಮಲ್ಲೊಬ್ಬ ಮೊದಲನೇ ಎಲೆಯ ಮುಂದೆ ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತನ್ನು ಹೇಳಿದ: "ಸಾರ್, ಸಾರು?"

ಆ ಯಜಮಾನರು ತಲೆಯೆತ್ತಿ, "ಸಾರ್ ಸಾರ್ ಅಂತ ಎಷ್ಟ್ ಸಲ ಕರೀತೀಯಪ್ಪ, ಸಾರು ಹಾಕು" ಅಂದರು. ಪಕ್ಕದವರು ನಕ್ಕರು. ಅವರ ಪಕ್ಕದವರೂ ನಕ್ಕರು. ಶಾಲೆಯಲ್ಲಿ ಜನ ನಕ್ಕಾಗ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು. ಇಲ್ಲಿ ನೆಲ ಬಿರಿಯುವುದಕ್ಕೆ ಟೈಮೇ ಇರಲಿಲ್ಲ. ಇನ್ನೂ ನಲವತ್ತು ಎಲೆ ಬಾಕಿ ಇದ್ದವು, ಹಿಂದೆ ಹುಳಿ ಬಕೆಟ್ ಹಿಡಿದವನು "ಮುಂದೆ ಹೋಗೋ" ಅಂತ ತಳ್ಳುತ್ತಿದ್ದ. ಮುಂದಿನ ಎಲೆಗೆ "ಸಾರು?" ಅಂತಷ್ಟೇ ಅಂದ. ಹತ್ತನೇ ಎಲೆಯ ಹೊತ್ತಿಗೆ "ಸಾರು ಬಡಿಸ್ಲಾ ಅಮ್ಮ?" ಅನ್ನುವಷ್ಟಾಯಿತು.

ಇದು ಹೇಗೆ ಆಯಿತು ಅಂತ ಆಮೇಲೆ ರೂಮಿನಲ್ಲಿ ಕೂತು ಚರ್ಚೆ ಮಾಡಿದ್ದೇವೆ. ನಮಗೆ ಅನ್ನಿಸೋದು ಇಷ್ಟು. ನಾಚಿಕೆಯವರಿಗೆ ಕಷ್ಟ ಇರೋದು ಮಾತಾಡೋದರಲ್ಲಿ ಅಲ್ಲ. ಏನು ಮಾತಾಡಬೇಕು, ಯಾವಾಗ ಶುರು ಮಾಡಬೇಕು, ಯಾವಾಗ ನಿಲ್ಲಿಸಬೇಕು, ನಾನು ಇಲ್ಲಿ ಯಾಕಿದ್ದೇನೆ ಅಂತ ಎದುರಿನವರು ಅಂದುಕೊಳ್ಳುತ್ತಾರೋ ಅನ್ನೋದರಲ್ಲಿ. ಕೈಯಲ್ಲಿ ಸಾರಿನ ಬಕೆಟ್ ಇದ್ದಾಗ ಈ ನಾಲ್ಕೂ ಪ್ರಶ್ನೆ ಮಾಯ. ಯಾಕಿದ್ದೇನೆ ಅಂತ ಬಕೆಟ್ಟೇ ಹೇಳುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ, ಬರುವ ಉತ್ತರ ಮೂರೇ: ಹಾಕಿ, ಸಾಕು, ಬೇಡ. ಜನ ನೋಡೋದು ಸೌಟನ್ನ, ನಮ್ಮನ್ನಲ್ಲ. "ಧೈರ್ಯ ತಗೋ", "ಕಾನ್ಫಿಡೆನ್ಸ್ ಬೆಳೆಸ್ಕೋ" ಅಂತ ನಮಗೆ ಹೇಳಿದವರು ಬಹಳ ಜನ. ಕೈಗೆ ಒಂದು ಬಕೆಟ್ ಕೊಟ್ಟವರು ಸೂಪರ್‌ವೈಸರ್ ಅಣ್ಣ ಒಬ್ಬರೇ.

ಭಾಷೆಯನ್ನೂ ಅವರೇ ತಿದ್ದಿದರು. "ಹಾಕ್ಲಾ" ಅನ್ನಬೇಡಿ, "ಬಡಿಸ್ಲಾ" ಅನ್ನಿ. ಪದಾರ್ಥ ಮುಗಿದಿದ್ದರೆ "ಖಾಲಿ" ಅಂತ ಪಂಕ್ತಿಯಲ್ಲಿ ಅನ್ನಬಾರದು, "ತರ್ತಾ ಇದಾರೆ" ಅನ್ನಬೇಕು. ವಯಸ್ಸಾದವರು ಒಂದು ಸಲ "ಸಾಕು" ಅಂದರೆ ಅದು ಸಾಕು ಅಲ್ಲ, "ಸ್ವಲ್ಪ ಬಡಿಸ್ತೀನಿ ಅಜ್ಜಿ" ಅಂತ ಇನ್ನೊಂದು ಸಲ ಕೇಳಬೇಕು. ಎರಡನೇ ಸಲವೂ ಸಾಕು ಅಂದರೆ ಅದು ಸಾಕು. ಈ ಉಪಚಾರದ ಕನ್ನಡ ನಮ್ಮ ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ. ನಾವು ಬಳಕೆ ಕನ್ನಡ ಕಲಿತದ್ದು ಊಟದ ಹಾಲಿನಲ್ಲಿ.

ಒಂದು ವಿಷಯದಲ್ಲಿ ಮಾತ್ರ ನಾವು ಬೇರೆ ಹುಡುಗರಿಗಿಂತ ಮೊದಲಿನಿಂದಲೂ ಮುಂದೆ ಇದ್ದೆವು. ಕೇಳದೇ ಇರುವವರು ನಮ್ಮ ಕಣ್ಣಿಗೆ ಬೀಳುತ್ತಾರೆ. ಯಾವ ಪಂಕ್ತಿಯಲ್ಲೇ ಆಗಲಿ "ಇಲ್ಲಿ ಚಿರೋಟಿ ತನ್ನಿ", "ಇಲ್ಲಿ ಹಪ್ಪಳ ಬರ್ಲಿಲ್ಲ" ಅಂತ ಕೂಗುವವರಿಗೆ ಎಲ್ಲರೂ ಓಡಿಹೋಗಿ ಬಡಿಸುತ್ತಾರೆ. ಮೂಲೆಯ ಎಲೆಯಲ್ಲಿ ಕೂತವರು ಸುಮ್ಮನೆ ದಾರಿ ನೋಡುತ್ತಿರುತ್ತಾರೆ. ಒಂದು ಮದುವೆಯಲ್ಲಿ ಕೊನೇ ಪಂಕ್ತಿಯ ಕೊನೇ ಎಲೆಯಲ್ಲಿ ಒಬ್ಬ ಅಜ್ಜಿ. ಚಿರೋಟಿ ಬಡಿಸುವವನು ಅವರನ್ನ ದಾಟಿ ಹೋಗಿಬಿಟ್ಟಿದ್ದ. ಅವರು ಕರೆಯಲಿಲ್ಲ. ಕರೆಯೋಣ ಅಂತ ಕೈ ಸ್ವಲ್ಪ ಎತ್ತಿ, ಆ ಕೈಯಲ್ಲೇ ಸೆರಗು ಸರಿಮಾಡಿಕೊಂಡರು. ಆ ಸನ್ನೆ ನಮಗೆ ಗೊತ್ತು. ಕ್ಲಾಸಿನಲ್ಲಿ ಡೌಟ್ ಕೇಳೋಕೆ ಎತ್ತಿದ ಕೈಯಲ್ಲಿ ನಾವು ತಲೆ ಕೆರೆದುಕೊಳ್ಳುತ್ತೇವಲ್ಲ, ಅದೇ. ಚಿರೋಟಿ, ಮೇಲೆ ಸಕ್ಕರೆ ಪುಡಿ, ಬಾದಾಮಿ ಹಾಲು ಎಲ್ಲಾ ತಂದು ಬಡಿಸಿದೆವು. "ಯಾವೂರು ಮಗಾ ನಿಂದು?" ಅಂತ ಕೇಳಿದರು. ಹೇಳಿದೆವು. ಆಮೇಲೆ ಅವರೂ ಏನೂ ಹೇಳಲಿಲ್ಲ, ನಾವೂ ಹೇಳಲಿಲ್ಲ.

ಮೂರನೇ ಭಾನುವಾರ ಪಂಕ್ತಿಯಲ್ಲಿ ನಮ್ಮ ಡಿಪಾರ್ಟ್‌ಮೆಂಟಿನ ಲೆಕ್ಚರರ್ ಒಬ್ಬರು ಕೂತಿದ್ದರು. ಹೆಸರು ಬೇಡ. ನಮ್ಮ ಕೈಯಲ್ಲಿ ಮಜ್ಜಿಗೆ ಹುಳಿ. ಅವರ ಎಲೆ ಹತ್ತಿರ ಬರುತ್ತಾ ಬರುತ್ತಾ ಹಳೇ ಕಾಯಿಲೆ ಮರುಕಳಿಸಿ, ಬಕೆಟ್ ಇಟ್ಟು ಅಡುಗೆಮನೆಗೆ ಓಡೋಣ ಅನ್ನಿಸಿತು. ಬಡಿಸೋದರಲ್ಲಿ ಅವಮಾನ ಇಲ್ಲ ಅಂತ ತಲೆಗೆ ಗೊತ್ತು, ಕಾಲಿಗೆ ಗೊತ್ತಿರಲಿಲ್ಲ. ಅವರು ನಮ್ಮನ್ನ ನೋಡಿದರು. ಗುರುತು ಹಿಡಿದರು ಅನ್ನೋದರಲ್ಲಿ ಡೌಟಿಲ್ಲ. "ಸ್ವಲ್ಪ ಸಾಕಪ್ಪ" ಅಂದರು ಅಷ್ಟೇ. ಸೋಮವಾರ ಲ್ಯಾಬಿನಲ್ಲಿ ರೆಕಾರ್ಡಿಗೆ ಸೈನ್ ಹಾಕುತ್ತಾ, ತಲೆ ಎತ್ತದೆ, "ಮಜ್ಜಿಗೆ ಹುಳಿ ಚೆನ್ನಾಗಿತ್ತು ಕಣ್ರಯ್ಯ" ಅಂದರು. ನಾವು "ಥ್ಯಾಂಕ್ಯೂ ಸಾರ್" ಅಂದೆವು, ನಾವೇ ಮಾಡಿದವರ ಥರ. ಎರಡು ವರ್ಷದಲ್ಲಿ ಅವರ ಜೊತೆ ನಾವು ಆಡಿದ ಅತಿ ಉದ್ದದ ಮಾತು ಅದು. ಅವರೂ ನಮ್ಮ ಗುಂಪಿನವರೇ ಇರಬೇಕು ಅಂತ ನಮಗೆ ಗುಮಾನಿ.

ಈಗ ದುಡ್ಡಿನ ವಿಷಯ. ಶ್ರಾವಣದಲ್ಲಿ ನಾಲ್ಕು ಭಾನುವಾರ, ನಾಲ್ಕು ಶಿಫ್ಟು. ಒಬ್ಬೊಬ್ಬರಿಗೆ 2,000 ರೂಪಾಯಿ ಬರಬೇಕಿತ್ತು. ಕಂಟ್ರಾಕ್ಟರ್ "ಎಲ್ಲಾ ಸೇರ್ಸಿ ಕೊಡ್ತೀನಿ" ಅಂತ ಹೇಳಿದ್ದರು. ಭಾದ್ರಪದ ಬಂತು, ಗಣೇಶ ಹಬ್ಬ ಮುಗಿಯಿತು, ಪಿತೃಪಕ್ಷ ಶುರುವಾಯಿತು. ಪಿತೃಪಕ್ಷದಲ್ಲಿ ಮದುವೆ ಇಲ್ಲ. ಮದುವೆ ಇಲ್ಲ ಅಂದ್ರೆ ಛತ್ರ ಖಾಲಿ, ಕೆಲಸವಿಲ್ಲ, ಕಂಟ್ರಾಕ್ಟರ್ ಮುಖವೂ ಕಾಣಲ್ಲ. ವಾಟ್ಸ್ಆ್ಯಪ್ ಮೆಸೇಜಿಗೆ ಎರಡು ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ಬೇರೆ ಹುಡುಗರು ಗಲಾಟೆ ಮಾಡಿ ಈಸಿಕೊಂಡಿದ್ದರು. ಉಳಿದವರು ನಾವು.

ಕೆಲಸ ಕೇಳೋದಕ್ಕಿಂತ ಮಾಡಿದ ಕೆಲಸದ ದುಡ್ಡು ಕೇಳೋದು ಹತ್ತು ಪಾಲು ಕಷ್ಟ. ಕೆಲಸ ಕೇಳುವಾಗ ಇಲ್ಲ ಅಂದರೆ ವಾಪಸ್ ಬರಬಹುದು. ಇಲ್ಲಿ ಇಲ್ಲ ಅಂದರೆ ಜಗಳ ಆಡಬೇಕು, ಜಗಳ ನಮಗೆ ಬರಲ್ಲ. ಬಿಟ್ಟುಬಿಡೋಣ ಅಂತ ನಮ್ಮಲ್ಲೊಬ್ಬ ಅಂದ. ಲಾ ಓದುತ್ತಿರುವ ಒಬ್ಬ ಗೆಳೆಯ ಬೈದ. ಹದಿನೆಂಟು ದಾಟಿದವರು ಬಾಯಿಮಾತಿನಲ್ಲಿ ಮಾಡಿಕೊಂಡ ಒಪ್ಪಂದವೂ ಒಪ್ಪಂದವೇ, 1872ರ ಕರಾರು ಕಾಯ್ದೆ ಅದನ್ನ ಒಪ್ಪುತ್ತದೆ, ನೀವು ಭಿಕ್ಷೆ ಬೇಡ್ತಾ ಇಲ್ಲ ಅಂತ. ಕಾಯ್ದೆ ಹಿಡಿದುಕೊಂಡು ಹೋಗುವ ಉದ್ದೇಶ ನಮಗಿರಲಿಲ್ಲ. ಆದರೆ "ಭಿಕ್ಷೆ ಅಲ್ಲ" ಅನ್ನೋ ಮಾತು ತಲೆಯಲ್ಲಿ ಉಳಿಯಿತು.

ಶನಿವಾರ ಕಂಟ್ರಾಕ್ಟರ್ ಪಾತ್ರೆ ಇಡುವ ಗೋಡೌನಿಗೆ ಇಬ್ಬರೂ ಹೋದೆವು. ಹೋಗುವ ಮುಂಚೆ ಒಂದೇ ಒಂದು ವಾಕ್ಯ ಬರೆದುಕೊಂಡಿದ್ದೆವು. ತಾರೀಖು, ಛತ್ರ, ಶಿಫ್ಟು, ಒಟ್ಟು ಎಷ್ಟು. "ಸಾರ್, ಶ್ರಾವಣದ್ದು ನಾಲ್ಕು ಶಿಫ್ಟು, ಒಬ್ಬೊಬ್ಬರಿಗೆ ಎರಡು ಸಾವಿರ ಬರಬೇಕು" ಅಂತ ಹೇಳಿ, ತಾರೀಖು ಬರೆದ ಫೋನ್ ತೋರಿಸಿದೆವು. ಅವರು ಶುರು ಮಾಡಿದರು. ಪಾರ್ಟಿಯವರು ಇನ್ನೂ ಕೊಟ್ಟಿಲ್ಲ, ಗ್ಯಾಸ್ ರೇಟು ಜಾಸ್ತಿ ಆಗಿದೆ, ಮುಂದಿನ ತಿಂಗಳು ಬನ್ನಿ ನೋಡೋಣ. ನಮಗೆ ಉತ್ತರ ಹೊಳೆಯಲಿಲ್ಲ, ಸುಮ್ಮನೆ ನಿಂತೆವು. ಅವರು ಇನ್ನೊಂದು ಕಾರಣ ಹೇಳಿದರು. ನಾವು ಸುಮ್ಮನೆ ನಿಂತೇ ಇದ್ದೆವು. ಗೋಡೌನಿನಲ್ಲಿ ಪಾತ್ರೆ ಉಜ್ಜುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಾತಿಲ್ಲದ ಜಾಗದಲ್ಲಿ ನಿಂತು ನಮಗೆ ಹತ್ತೊಂಬತ್ತು ವರ್ಷದ ಅಭ್ಯಾಸ. ಅವರಿಗೆ ಇರಲಿಲ್ಲ. ಎರಡು ನಿಮಿಷ ಆಗಿರಬೇಕು, "ಏನ್ರಪ್ಪ ನೀವು, ಹಿಂಗ್ ನಿಂತ್ಕೊಂಡ್ರೆ..." ಅಂತ ಗೊಣಗಿಕೊಂಡು ಫೋನ್ ತೆಗೆದು ಸ್ಕ್ಯಾನ್ ಮಾಡಿ 3,000 ಹಾಕಿದರು. ಉಳಿದ ಸಾವಿರ ಮರುವಾರ ಕೇಳದೇ ಬಂತು.

ಮಾತು ಬರದಿದ್ದರೆ ಜಗತ್ತಿನಲ್ಲಿ ಏನೂ ದಕ್ಕಲ್ಲ ಅಂತ ನಾವು ನಂಬಿದ್ದೆವು. ಆದರೆ ಲೆಕ್ಕ ಸರಿ ಇದ್ದು, ಒಂದು ವಾಕ್ಯ ನೆಟ್ಟಗೆ ಹೇಳಿ, ಅಲ್ಲಿಂದ ಕದಲದೇ ಇದ್ದರೆ ಸುಮ್ಮನಿರೋದೂ ಒಂದು ಮಾತೇ.

ಆ ಕಂಟ್ರಾಕ್ಟರ್ ಹತ್ತಿರ ಮತ್ತೆ ಹೋಗಲಿಲ್ಲ. ಸೂಪರ್‌ವೈಸರ್ ಅಣ್ಣ ಬೇರೆಯವರ ಹತ್ತಿರ ಸೇರಿಸಿದರು. ದೀಪಾವಳಿ ಮುಗಿದ ಮೇಲೆ ಕಾರ್ತೀಕದ ಮದುವೆಗಳು, ಡಿಸೆಂಬರ್ ಮಧ್ಯದವರೆಗೆ. ಅಲ್ಲಿಂದ ಧನುರ್ಮಾಸ, ಮದುವೆ ಬಂದ್. ನಮ್ಮ ಸೆಮ್ ಪರೀಕ್ಷೆಯೂ ಅದೇ ಹೊತ್ತಿಗೆ. ಪಂಚಾಂಗ ಬರೆಯುವವರೂ ಯೂನಿವರ್ಸಿಟಿ ಟೈಮ್‌ಟೇಬಲ್ ಹಾಕುವವರೂ ಮಾತಾಡಿಕೊಂಡಿದ್ದಾರೇನೋ ಅನ್ನಿಸಿತು. ಒಟ್ಟು ಹನ್ನೊಂದು ಶಿಫ್ಟು, ಇಬ್ಬರದ್ದೂ ಸೇರಿ 11,000 ರೂಪಾಯಿ. ಲ್ಯಾಪ್‌ಟಾಪ್ ರಿಪೇರಿ ಆಯಿತು. ಉಳಿದದ್ದರಲ್ಲಿ ಎರಡು ಮನೆಗೂ ಒಂದೊಂದು ಕೇಜಿ ಮೈಸೂರು ಪಾಕ್ ತಗೊಂಡು ಹೋದೆವು. ಎಲ್ಲಿಂದ ಬಂತು ದುಡ್ಡು ಅಂತ ಅಪ್ಪ ಕೇಳಿದಾಗ ಹೇಳಿದೆವು. ತುಮಕೂರಿನ ಅಪ್ಪ, "ಬಟ್ಟೆಗೆ ಹುಳಿ ಕಲೆ ಆದ್ರೆ ಹೋಗಲ್ಲ, ಏಪ್ರನ್ ನಾನೇ ಹೊಲ್ಕೊಡ್ತೀನಿ" ಅಂದು ಮಿಷನ್ ಮುಂದೆ ಕೂತರು.

ಈಗ ನಾಚಿಕೆ ಹೋಯಿತಾ ಅಂದ್ರೆ, ಇಲ್ಲ. ಕ್ಯಾಂಟೀನ್‌ನಲ್ಲಿ ಎರಡನೇ ಸಲಕ್ಕೇ ಟೀ ಸಿಗುತ್ತಿದೆ, ಅಷ್ಟು ಪ್ರಗತಿ. ಸೆಮಿನಾರ್ ಅಂದ್ರೆ ಈಗಲೂ ಅಂಗೈ ಬೆವರುತ್ತದೆ. ಆದರೆ ಸ್ಟೇಜ್ ಹತ್ತುವ ಮುಂಚೆ ನಮ್ಮಲ್ಲೊಬ್ಬ "ಬಕೆಟ್ ಯಾವ್ದು?" ಅಂತ ಕೇಳುತ್ತಾನೆ. ಅಂದ್ರೆ, ಈ ಜನಕ್ಕೆ ನಾವು ಕೊಡಬೇಕಾಗಿರೋದು ಏನು ಅಂತ. ಅದು ಗೊತ್ತಿದ್ದರೆ ಹೇಗೋ ಕೊಟ್ಟು ಬರುತ್ತೇವೆ.

ನಿಮ್ಮಲ್ಲಿ ಯಾರಾದರೂ ಮೊದಲ ಕೆಲಸ ಹುಡುಕುತ್ತಿದ್ದರೆ, ನಮಗೆ ಗೊತ್ತಿರುವಷ್ಟು ಹೇಳುತ್ತೇವೆ. ಒಬ್ಬರೇ ಹೋಗಬೇಡಿ, ನಿಮ್ಮಷ್ಟೇ ನಾಚಿಕೆಯ ಇನ್ನೊಬ್ಬರನ್ನ ಜೊತೆಗೆ ಕರೆದುಕೊಳ್ಳಿ. ಒಂದು ಪ್ರಶ್ನೆ, ಮೂರು ಉತ್ತರ ಇರುವ ಕೆಲಸದಿಂದ ಶುರು ಮಾಡಿ. ಸಂಬಳ ಎಷ್ಟು, ಯಾವಾಗ ಅಂತ ಮೊದಲೇ ಮೆಸೇಜಿನಲ್ಲಿ ಕೇಳಿ, ಬರಹದಲ್ಲಿ ಉತ್ತರ ಇರಲಿ. ಶಿಫ್ಟ್ ಮುಗಿದ ದಿನವೇ ತಾರೀಖು ಬರೆದಿಡಿ. ರಾತ್ರಿ ರಿಸೆಪ್ಷನ್ ಶಿಫ್ಟಿಗೆ ದುಡ್ಡು ಜಾಸ್ತಿ, ಆದರೆ ಮುಗಿಯೋದು ಹನ್ನೊಂದೂವರೆಗೆ, ಹಾಸ್ಟೆಲ್ ಗೇಟ್ ಹತ್ತಕ್ಕೆ ಬಂದ್. ವಾರದ ದಿನ ಒಪ್ಪಿಕೊಳ್ಳಬೇಡಿ. 85 ಪರ್ಸೆಂಟ್ ಅಟೆಂಡೆನ್ಸ್ ಯಾವ ಕಂಟ್ರಾಕ್ಟರೂ ಕೊಡಲ್ಲ.

ಮಾಘ ಮಾಸದಲ್ಲಿ ಲಗ್ನಗಳು ಬಹಳ ಇವೆ, ಹುಡುಗರು ಸಾಲಲ್ಲ ಅಂತ ಅಣ್ಣ ಆಗಲೇ ಹೇಳಿದ್ದಾರೆ. ಬರುವ ಮನಸ್ಸಿದ್ದವರು ನಮ್ಮ ರೂಮಿಗೆ ಬನ್ನಿ, ಅಥವಾ ಮೆಸೇಜ್ ಹಾಕಿ. ಉಪ್ಪು, ಉಪ್ಪಿನಕಾಯಿ ನಿಮಗೇ ಕೊಡಿಸುತ್ತೇವೆ. ಕಾಲ್ ಮಾತ್ರ ಮಾಡಬೇಡಿ. ನಾವು ಎತ್ತಲ್ಲ.